ಬಾಡಿಗೆ ಏರಿಸಲೇ, ಇನ್ನೊಂದು ಮನೆ ಕೊಳ್ಳಲೇ?

ಓದುಗರ ಪತ್ರ: ನಾಲ್ಕು ವರ್ಷದಿಂದ ಒಂದೇ ಕುಟುಂಬ ನನ್ನ ಮನೆಯಲ್ಲಿ ಬಾಡಿಗೆಗಿದೆ. ಬಾಡಿಗೆ ಒಂದು ದಿನವೂ ತಡವಾಗಿಲ್ಲ. ಆದರೆ ಪಕ್ಕದ ಮನೆಗೆ ಶೇ 10ರಷ್ಟು ಜಾಸ್ತಿ ಬರುತ್ತಿದೆ. ನಾನೂ ಅಷ್ಟು ಕೇಳಿದೆ. ಹಾಗಾದರೆ ತಿಂಗಳ ಕೊನೆಗೆ ಬೇರೆ ಮನೆ ನೋಡುತ್ತೇವೆ ಎಂದರು. ಏನು ಮಾಡಲಿ? ಈ ಮನೆ ಅಡ ಇಟ್ಟು ಇನ್ನೊಂದು ಮನೆ ಕೊಳ್ಳುವ ಯೋಚನೆಯೂ ಇದೆ. ಬಾಡಿಗೆಯಲ್ಲೇ ಕಂತು ತೀರುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ.

ಸಂಪಾದಕರ ಉತ್ತರ: ಮೊದಲು ಬಾಡಿಗೆಯ ವಿಷಯ. ನಿಮ್ಮ ಪತ್ರದಲ್ಲಿ ಪಕ್ಕದ ಮನೆಯ ಬಾಡಿಗೆ ಇದೆ, ಆದರೆ ಆ ಮನೆ ಎಷ್ಟು ತಿಂಗಳು ಖಾಲಿ ಬಿದ್ದಿತ್ತು ಅನ್ನುವುದು ಇಲ್ಲ. ಅದನ್ನು ವಿಚಾರಿಸಿ ನೋಡಿ.

ನೀವು ಶೇ 10 ಏರಿಸಿದಿರಿ, ಇವರು ಹೊರಟರು, ಮನೆ ಎರಡು ತಿಂಗಳು ಖಾಲಿ ಉಳಿಯಿತು ಅಂತ ಇಟ್ಟುಕೊಳ್ಳಿ. ಹೋದದ್ದು ಎರಡು ತಿಂಗಳ ಪೂರ್ತಿ ಬಾಡಿಗೆ. ಹೊಸಬರು ಬಂದ ಮೇಲೆ ಸಿಗುವ ಹೆಚ್ಚಳ ತಿಂಗಳಿಗೆ ಹತ್ತರಲ್ಲಿ ಒಂದು ಪಾಲು. ಕಳೆದುಕೊಂಡದ್ದು ಕೈಗೆ ಬರಲು 20 ತಿಂಗಳು ಬೇಕು! ಸುಣ್ಣ-ಬಣ್ಣ, ಸಣ್ಣಪುಟ್ಟ ರಿಪೇರಿ, ಬ್ರೋಕರ್ ಕಮಿಷನ್ ಸೇರಿದರೆ ಇನ್ನೂ ಜಾಸ್ತಿ. ಅಷ್ಟು ಹೊತ್ತಿಗೆ ಹೊಸಬರೇ ಖಾಲಿ ಮಾಡಿರಬಹುದು, ಅಲ್ವಾ?

ಹಾಗಂತ ಏರಿಸಲೇಬೇಡಿ ಅನ್ನುತ್ತಿಲ್ಲ. ನಿಮ್ಮ ಖರ್ಚೂ ಏರುತ್ತಿದೆ. ಶೇ 4 ಕೇಳಿ. ಮನೆ ಒಂದು ದಿನವೂ ಖಾಲಿ ಬೀಳದೆ, ವರ್ಷಕ್ಕೆ ಹೆಚ್ಚುಕಮ್ಮಿ ಅರ್ಧ ತಿಂಗಳ ಬಾಡಿಗೆ ಹೆಚ್ಚಿಗೆ ಬರುತ್ತದೆ. ಕೇಳುವ ಮೊದಲು ಕರಾರು ಪತ್ರ ತೆಗೆದು ಓದಿ. ಎಷ್ಟು ಏರಿಸಬಹುದು, ಎಷ್ಟು ದಿನ ಮೊದಲೇ ತಿಳಿಸಬೇಕು ಅನ್ನುವುದಕ್ಕೆ ನಿಮ್ಮಲ್ಲಿ ಕಾನೂನಿನ ಮಿತಿ ಇದ್ದರೆ ಅದನ್ನೂ ನೋಡಿಕೊಳ್ಳಿ.

ನಾನು ಬಹಳ ವರ್ಷ ಬಾಡಿಗೆ ಮನೆಯಲ್ಲಿ ಇದ್ದವನು. ಒಂದು ಮನೆಯಲ್ಲಿ ಸಿಂಕಿನ ಕೆಳಗೆ ನೀರು ಸೋರುತ್ತಿತ್ತು. ಎಷ್ಟು ಸಲ ಹೇಳಿದರೂ ಮಾಲೀಕರು ನೋಡಲಿಲ್ಲ. ಕಡೆಗೆ ಗೋಡೆಗೆಲ್ಲ ಬೂಷ್ಟು ಹಿಡಿಯಿತು, ಕಪಾಟಿನ ಮರ ಕೊಳೆಯಿತು. ನಾವು ಮನೆ ಬಿಟ್ಟದ್ದು ಬಾಡಿಗೆ ಜಾಸ್ತಿಯಾಯಿತು ಅಂತಲ್ಲ, ನಮ್ಮ ಮಾತಿಗೆ ಬೆಲೆ ಇಲ್ಲ ಅಂತ. ಅದಕ್ಕೇ ಹೇಳುತ್ತೇನೆ, ಏರಿಕೆ ಕೇಳಲು ಹೋದಾಗ ಮನೆಯಲ್ಲಿ ಏನು ಸರಿ ಮಾಡಿಸಬೇಕು ಅಂತಲೂ ಕೇಳಿ. ಕೇಳಿದ ಮೇಲೆ ಮಾಡಿಸಿ.

ಇನ್ನು ಎರಡನೇ ಮನೆ. ಬಾಡಿಗೆಯಲ್ಲೇ ಕಂತು ತೀರುತ್ತದೆ ಅನ್ನುವ ಮಾತನ್ನು ಸುಮ್ನೆ ನಂಬಬೇಡಿ, ಬರೆದು ನೋಡಿ. ಮನೆಯ ಬೆಲೆ 100, ವರ್ಷದ ಬಾಡಿಗೆ 6 ಅಂದುಕೊಳ್ಳೋಣ. ವರ್ಷದಲ್ಲಿ ಒಂದು ತಿಂಗಳು ಖಾಲಿ ಅಂದರೆ 0.5 ಹೋಯಿತು. ರಿಪೇರಿಗೆ ಅಂತ ಮನೆ ಬೆಲೆಯ ಶೇ 1 ತೆಗೆದಿಡುವುದು ಬಹಳ ಜನ ಪಾಲಿಸುವ ಅಂದಾಜು. ತೆರಿಗೆ, ವಿಮೆಗೆ ಇನ್ನೊಂದು 0.5 ಇರಲಿ. ಕೈಯಲ್ಲಿ ಉಳಿದದ್ದು 4. ಶೇ 7ರ ಬಡ್ಡಿಗೆ 80 ಸಾಲ ಮಾಡಿದರೆ ಮೊದಲ ವರ್ಷ ಬಡ್ಡಿಯೇ ಸುಮಾರು 5.6. ಅಸಲು ಬೇರೆ. ಉಳಿದದ್ದನ್ನು ನಿಮ್ಮ ಸಂಬಳದಿಂದಲೇ ಕಟ್ಟಬೇಕು.

ಬಡ್ಡಿ ಏರಿದರೆ? 25 ವರ್ಷದ ಸಾಲಕ್ಕೆ ಬಡ್ಡಿ ಶೇ 7ರಿಂದ 9ಕ್ಕೆ ಹೋದರೆ ಕಂತು ಸುಮಾರು ಶೇ 19ರಷ್ಟು ಏರುತ್ತದೆ. ಬಾಡಿಗೆ ಅಷ್ಟು ಬೇಗ ಏರುವುದಿಲ್ಲ. ಬೆಲೆ ಇಳಿದರೂ ಕಷ್ಟವೇ. ನಿಮ್ಮ ಹಣ 20, ಸಾಲ 80 ಇದ್ದಾಗ ಬೆಲೆ ಶೇ 10 ಕುಸಿದರೆ ನೀವು ಹಾಕಿದ ಹಣದಲ್ಲಿ ಅರ್ಧ ಕರಗಿಹೋಗುತ್ತದೆ. ಬೆಲೆ ಏರಿದಾಗ ಲಾಭವೂ ಹೀಗೇ ದೊಡ್ಡದಾಗುತ್ತದೆ, ನಿಮ್ಮ ಸ್ನೇಹಿತರು ನೋಡಿದ್ದು ಲಾಭದ ಕಡೆಯನ್ನು ಮಾತ್ರ. ನೀವಂತೂ ಇರುವ ಮನೆಯನ್ನೇ ಅಡ ಇಡಲು ಹೊರಟಿದ್ದೀರಿ. ಕಂತು ತಪ್ಪಿದರೆ ಎರಡೂ ಮನೆಗೆ ಅಪಾಯ. ಆರು ತಿಂಗಳ ಕಂತಿನಷ್ಟು ಹಣ ಬೇರೆಯಾಗಿ ಕೈಯಲ್ಲಿ ಇರುವ ತನಕ ಇದಕ್ಕೆ ಕೈ ಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಸಣ್ಣ ವಿಷಯ. ಮಾಲೀಕರೇ ವಾಸವಿದ್ದಾರೆ ಅಂತ ಮಾಡಿಸಿದ ಎಷ್ಟೋ ವಿಮೆಗಳು ಮನೆ ಬಾಡಿಗೆಗೆ ಕೊಟ್ಟ ಮೇಲೆ ಪೂರ್ತಿ ರಕ್ಷಣೆ ಕೊಡುವುದಿಲ್ಲ. ನಿಮ್ಮದು ಯಾವುದು ಅಂತ ನೋಡಿ.

ಬಾಡಿಗೆದಾರರ ಜೊತೆ ಈ ವಾರವೇ ಮಾತಾಡಿ. ತಿಂಗಳ ಕೊನೆಗೆ ಮನೆ ನೋಡಲು ಶುರು ಮಾಡುತ್ತಾರೆ ಅಂತ ನೀವೇ ಬರೆದಿದ್ದೀರಿ. ಒಂದು ಸಲ ಬೇರೆ ಮನೆ ಮನಸ್ಸಿಗೆ ಬಂದುಬಿಟ್ಟರೆ, ಆಮೇಲೆ ನೀವು ಏರಿಕೆಯನ್ನೇ ಬಿಟ್ಟರೂ ಅವರು ನಿಲ್ಲುವುದು ಕಷ್ಟ.