‘ಕೈಯಲ್ಲಿ ಒಂದು’ ಎಂದರೆ ಎಷ್ಟು?

ಪ್ರಶ್ನೆ: ಎರಡನೇ ತರಗತಿಯಲ್ಲಿರುವ ನನ್ನ ಮಗಳಿಗೆ 47 ಮತ್ತು 38 ಅನ್ನು ಕೂಡಿಸಲು ಹೇಳಿದರೆ 715 ಎಂದು ಬರೆಯುತ್ತಾಳೆ. ದಶಕವನ್ನು ಮೇಲೆ ಬರೆದುಕೊಳ್ಳಬೇಕೆಂದು ಎಷ್ಟು ಬಾರಿ ಹೇಳಿಕೊಟ್ಟರೂ ಮರುದಿನ ಅದೇ ತಪ್ಪು. ಅವಳಿಗೆ ಗಮನ ಸಾಲದೋ, ನಾನು ಹೇಳಿಕೊಡುವ ಕ್ರಮವೇ ಸರಿಯಿಲ್ಲವೋ?

ಉತ್ತರ: ನಿಮ್ಮ ಮಗಳ ಗಮನದಲ್ಲಿ ಕೊರತೆಯೇನೂ ಕಾಣುವುದಿಲ್ಲ. ಏಳಕ್ಕೆ ಎಂಟು ಸೇರಿದರೆ ಹದಿನೈದು, ನಾಲ್ಕಕ್ಕೆ ಮೂರು ಸೇರಿದರೆ ಏಳು. ಎರಡನ್ನೂ ಸರಿಯಾಗಿಯೇ ಕೂಡಿಸಿ, ಬಂದದ್ದನ್ನು ಬಂದ ಹಾಗೆಯೇ ಬರೆದಿದ್ದಾಳೆ. ಒಂದು ಸ್ಥಾನದಲ್ಲಿ ಒಂಬತ್ತರವರೆಗೆ ಮಾತ್ರ ಜಾಗವಿದೆ, ಹತ್ತು ತುಂಬಿದೊಡನೆ ಅದು ಒಂದು ಕಟ್ಟಾಗಿ ಎಡಗಡೆಯ ಮನೆಗೆ ಹೋಗಬೇಕು ಎಂಬುದಷ್ಟೇ ಅವಳಿಗೆ ಇನ್ನೂ ತಿಳಿದಿಲ್ಲ. ಇದನ್ನು ತೋರಿಸದೆ ‘ಐದು ಬರೆ, ಕೈಯಲ್ಲಿ ಒಂದು’ ಎಂದುಬಿಟ್ಟರೆ, ಹದಿನೈದರೊಳಗಿದ್ದ ಹತ್ತು ಇದ್ದಕ್ಕಿದ್ದಂತೆ ಒಂದಾದದ್ದು ಹೇಗೆಂದು ಮಗುವಿಗೆ ಹೊಳೆಯುವುದಿಲ್ಲ. ಅರ್ಥವಾಗದ ಮಾತು ರಾತ್ರಿ ಕಳೆಯುವಷ್ಟರಲ್ಲಿ ಮರೆತುಹೋದರೆ ಅದು ಮಗುವಿನ ತಪ್ಪಲ್ಲ.

ಒಂದು ವಾರ ಪುಸ್ತಕವನ್ನು ಬದಿಗಿಡಿ. ಪೊರಕೆಕಡ್ಡಿಗಳನ್ನು ಸಮನಾಗಿ ಮುರಿದು, ಹತ್ತು ಹತ್ತನ್ನು ಎಣಿಸಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟುಗಳನ್ನು ಮಾಡಿ. ಕಟ್ಟುವ ಕೆಲಸವನ್ನು ಅವಳೇ ಮಾಡಲಿ. ನಾಲ್ಕು ಕಟ್ಟು, ಏಳು ಬಿಡಿ ಕಡ್ಡಿ ಒಂದು ಕಡೆ. ಮೂರು ಕಟ್ಟು, ಎಂಟು ಬಿಡಿ ಕಡ್ಡಿ ಇನ್ನೊಂದು ಕಡೆ. ಬಿಡಿ ಕಡ್ಡಿಗಳನ್ನು ಒಟ್ಟುಗೂಡಿಸಿದಾಗ ಹದಿನೈದಾಗುತ್ತವೆ. ಅವುಗಳಲ್ಲಿ ಹತ್ತನ್ನು ಎತ್ತಿಕೊಂಡು ತನ್ನ ಕೈಯಾರೆ ಬ್ಯಾಂಡ್ ಹಾಕಿ, ಆ ಹೊಸ ಕಟ್ಟನ್ನು ಉಳಿದ ಏಳು ಕಟ್ಟುಗಳ ಸಾಲಿಗೆ ಸರಿಸಿದಾಗ, ಎಂಟು ಕಟ್ಟು ಮತ್ತು ಐದು ಬಿಡಿ ಕಡ್ಡಿ, ಅಂದರೆ 85, ಅವಳ ಕಣ್ಣೆದುರೇ ಇರುತ್ತದೆ. ಆ ಗಳಿಗೆಯಲ್ಲಿ ಮಾತ್ರ ‘ಈ ಕಟ್ಟನ್ನೇ ನಾವು ಮೇಲೆ ಒಂದು ಎಂದು ಬರೆಯುವುದು’ ಎಂದು ಹೇಳಿ; ಅದಕ್ಕಿಂತ ಮೊದಲು ಬೇಡ.

ನಮ್ಮ ನುಡಿಯೂ ಇಲ್ಲಿ ನಿಮ್ಮ ಕೈ ಹಿಡಿಯುತ್ತದೆ. ನಲವತ್ತು ಎಂದರೆ ನಾಲ್ಕು ಹತ್ತು, ಎಪ್ಪತ್ತು ಎಂದರೆ ಏಳು ಹತ್ತು, ಹದಿನೈದು ಎಂದರೆ ಹತ್ತು ಮತ್ತು ಐದು. ಹಿಂದಿಯ ‘ಸೈಂತಾಲೀಸ್’ನಲ್ಲಿ ನಾಲ್ಕು ಹತ್ತನ್ನೂ ಏಳನ್ನೂ ಬೇರ್ಪಡಿಸಿ ಕೇಳುವುದು ಮಗುವಿಗೆ ಕಷ್ಟ, ಕನ್ನಡದ ‘ನಲವತ್ತೇಳು’ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಶಾಲೆಯ ಮಾಧ್ಯಮ ಯಾವುದೇ ಇರಲಿ, ಮನೆಯಲ್ಲಿ ಕೂಡುವ ಲೆಕ್ಕವನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿಸಿರೆಂದು ನಾನು ಒತ್ತಾಯದಿಂದಲೇ ಹೇಳುತ್ತೇನೆ. ಜೊತೆಗೆ, ಬರೆಯುವ ಮೊದಲು ಅಂದಾಜು ಕೇಳಿ: 47 ಐವತ್ತಕ್ಕಿಂತ ಕಡಿಮೆ, 38 ನಲವತ್ತಕ್ಕಿಂತ ಕಡಿಮೆ, ಹಾಗಿದ್ದರೆ ಉತ್ತರ ತೊಂಬತ್ತನ್ನು ದಾಟಬಹುದೇ? ಈ ಪ್ರಶ್ನೆ ರೂಢಿಯಾದ ಮಗು 715 ಅನ್ನು ತಾನೇ ಅನುಮಾನದಿಂದ ನೋಡುತ್ತದೆ.

ಪ್ರಶ್ನೆ: ನನ್ನ ಮೊಮ್ಮಗ ಬೆರಳು ಮಡಿಸದೆ ಕೂಡುವುದೇ ಇಲ್ಲ. ಅದನ್ನು ಬಿಡಿಸಬೇಕೇ?

ಉತ್ತರ: ಬಲವಂತವಾಗಿ ಬಿಡಿಸಬೇಡಿ, ಅವನು ಹೇಗೆ ಎಣಿಸುತ್ತಾನೆಂದು ಪಕ್ಕದಲ್ಲಿ ಕುಳಿತು ನೋಡಿ. ಮೂರಕ್ಕೆ ಎಂಟು ಸೇರಿಸುವಾಗ ಒಂದರಿಂದ ಮತ್ತೆ ಎಣಿಸುತ್ತಿದ್ದರೆ, ದೊಡ್ಡ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂಬತ್ತು, ಹತ್ತು, ಹನ್ನೊಂದು ಎಂದು ಮೂರೇ ಬೆರಳಲ್ಲಿ ಮುಗಿಸುವುದನ್ನು ತೋರಿಸಿ. ಮೂರಕ್ಕೆ ಎಂಟು ಸೇರಿಸಿದರೂ ಎಂಟಕ್ಕೆ ಮೂರು ಸೇರಿಸಿದರೂ ಮೊತ್ತ ಬದಲಾಗದು ಎಂಬ ತಿಳಿವಳಿಕೆ ಹೀಗೆಯೇ ಬೇರೂರುತ್ತದೆ. ಉತ್ತರ ಪದೇ ಪದೇ ಒಂದು ಕಡಿಮೆ ಬರುತ್ತಿದ್ದರೆ, ಮೊದಲ ಬೆರಳನ್ನು ಮಡಿಸುವಾಗ ಅವನು ‘ಎಂಟು’ ಎನ್ನುತ್ತಿರಬಹುದು. ಎಂಟು ಈಗಾಗಲೇ ನಮ್ಮಲ್ಲಿದೆ, ಹೊಸದಾಗಿ ಬಂದ ಮೊದಲನೆಯದು ಒಂಬತ್ತು ಎಂದು ತಿದ್ದಿದರೆ ಸಾಕು. ಹತ್ತಾಗುವ ಜೋಡಿಗಳು, ಎಂದರೆ ಒಂಬತ್ತು ಒಂದು, ಎಂಟು ಎರಡು, ಏಳು ಮೂರು, ಆರು ನಾಲ್ಕು, ಐದು ಐದು, ಬಾಯಿಗೆ ಬಂದಮೇಲೆ ಬೆರಳುಗಳು ತಾವಾಗಿ ವಿರಾಮ ಪಡೆಯುತ್ತವೆ.

ಪ್ರಶ್ನೆ: ಬಲಗಡೆಯಿಂದಲೇ ಕೂಡಬೇಕೆಂಬುದು ಕಡ್ಡಾಯವೇ? ನನ್ನ ತಂದೆ ಅಂಗಡಿಯಲ್ಲಿ ಎಡದಿಂದಲೇ ಕೂಡುತ್ತಿದ್ದರು.

ಉತ್ತರ: ಕಡ್ಡಾಯವಲ್ಲ. 1150ರಲ್ಲಿ ರಚನೆಯಾದ ‘ಲೀಲಾವತಿ’ ಎಂಬ ಗಣಿತ ಗ್ರಂಥದಲ್ಲಿ ಭಾಸ್ಕರಾಚಾರ್ಯರು, ಅಂಕಿಗಳನ್ನು ಅವುಗಳ ಸ್ಥಾನಕ್ಕೆ ತಕ್ಕಂತೆ ಕ್ರಮವಾಗಿಯಾದರೂ ಅದರ ವಿರುದ್ಧ ಕ್ರಮದಲ್ಲಾದರೂ ಕೂಡಬಹುದೆಂದು ಹೇಳಿ, 2, 5, 32, 193, 18, 10 ಮತ್ತು 100 ಅನ್ನು ಕೂಡಿಸಲು ಕೇಳಿದ್ದಾರೆ, ಉತ್ತರ 360. ಹಲಗೆಯ ಮೇಲೆ ಧೂಳು ಹರಡಿ ಬರೆಯುತ್ತಿದ್ದ ಕಾಲದಲ್ಲಿ ಅಂಕಿಯನ್ನು ಅಳಿಸಿ ತಿದ್ದುವುದು ಸುಲಭವಾಗಿತ್ತು. ಕಾಗದದ ಮೇಲೆ ಮೊದಲಿನ 47 ಮತ್ತು 38 ಅನ್ನೇ ಕೂಡಲು ಎಡದಿಂದ ಹೊರಟರೆ ನಾಲ್ಕು ಮತ್ತು ಮೂರು ಏಳು ಎಂದು ಬರೆದ ಮೇಲೆ, ಬಿಡಿಗಳಿಂದ ಹತ್ತು ಬಂದು ಸೇರಿ, ಏಳನ್ನು ಹೊಡೆದುಹಾಕಿ ಎಂಟು ಮಾಡಬೇಕಾಗುತ್ತದೆ. ಬಲದಿಂದ ಹೊರಟರೆ ಆ ತಿದ್ದುಪಡಿ ಬೇಕಿಲ್ಲ. ಬಾಯಿಲೆಕ್ಕಕ್ಕಾದರೋ ನಿಮ್ಮ ತಂದೆಯವರ ದಾರಿಯೇ ಹಗುರ: ನಲವತ್ತು ಮೂವತ್ತು ಎಪ್ಪತ್ತು, ಏಳು ಎಂಟು ಹದಿನೈದು, ಒಟ್ಟು ಎಂಬತ್ತೈದು.