ಟಾನ್ಸಿಲ್ ತೆಗೆಸಿದ ಮಗುವಿಗೆ ನೋವಿನ ಔಷಧಿ ಕಡಿಮೆ ಮಾಡಿ ಮನೆಮದ್ದು ಕೊಡಬಹುದೇ?

ಮಗಳಿಗೆ ಆಪರೇಷನ್ ಆಗಿ ಮೂರು ದಿನವಾಯಿತು, ಔಷಧಿ ಕಡಿಮೆ ಮಾಡಿ ಗಾಯ ಬೇಗ ಮಾಯಲು ಏನು ಕೊಡಲಿ ಎಂದು ಕೇಳಿದ್ದೀರಿ. ಆರು ವರ್ಷದ ನನ್ನ ಮಗನ ಪಕ್ಕದಲ್ಲಿ ಕುಳಿತು ನಾನೂ ಹೀಗೆಯೇ ಯೋಚಿಸಿದ್ದೆ.

ಎರಡನೆಯ ದಿನ ಅವನು ಹಾಲಿನಲ್ಲಿ ನೆನೆಸಿದ ಇಡ್ಲಿ ತಿಂದು ಆಟಕ್ಕೂ ಎದ್ದ. ನೋವು ಮುಗಿಯಿತೆಂದು ತಿಳಿದು, ಔಷಧಿ ಹೆಚ್ಚಾದರೆ ಲಿವರ್ ಕೆಡುತ್ತದೆಂಬ ಭಯವೂ ಸೇರಿ, ಆರು ಗಂಟೆಗೊಮ್ಮೆ ಕೊಡಬೇಕಿದ್ದ ಪ್ಯಾರಾಸಿಟಮಾಲ್ ಸಿರಪ್ಪನ್ನು ಅವನು ಅತ್ತಾಗ ಮಾತ್ರ ಕೊಡತೊಡಗಿದೆ. ರಾತ್ರಿಯ ಡೋಸಿಗಾಗಿ ಮಲಗಿದ್ದ ಮಗುವನ್ನು ಎಬ್ಬಿಸಲು ಮನಸ್ಸು ಬರಲಿಲ್ಲ. ತಪ್ಪಿದ್ದು ಅಲ್ಲಿಯೇ. ನಾಲ್ಕನೆಯ ದಿನ ಬೆಳಿಗ್ಗೆ ಔಷಧಿಯ ಪ್ರಭಾವ ಪೂರ್ತಿ ಇಳಿದಿತ್ತು, ಬಾಯಿ ತೆರೆದು ಮಲಗಿದ್ದರಿಂದ ಗಂಟಲು ಒಣಗಿತ್ತು. ನೋವೆಂದು ನೀರು ಬೇಡವೆಂದ, ನೀರಿಲ್ಲದೆ ಗಂಟಲು ಇನ್ನಷ್ಟು ಒಣಗಿ ನೋವು ಇಮ್ಮಡಿಯಾಯಿತು, ಆ ನೋವಿನಲ್ಲಿ ಸಿರಪ್ಪನ್ನೂ ನುಂಗಲಾರದಾದ. ಮಕ್ಕಳು ಅತ್ತಾಗ ಕೊಡುವ ಔಷಧಿ ತಡವಾಗಿ ಕೊಟ್ಟ ಔಷಧಿಯೇ ಎಂಬುದು ನನಗೆ ಆಗ ಅರ್ಥವಾಯಿತು. ಎಂಜಲನ್ನೂ ನುಂಗದೆ ಅವನು ಟವೆಲ್ಲಿನ ಅಂಚಿಗೆ ಒರೆಸಿಕೊಳ್ಳುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸಂಜೆಯವರೆಗೂ ಮೂತ್ರವಾಗಲಿಲ್ಲ, ಮತ್ತೆ ಆಸ್ಪತ್ರೆಗೆ ಸೇರಿಸಿ ಎರಡು ದಿನ ಡ್ರಿಪ್ ಹಾಕಿಸಬೇಕಾಯಿತು.

ಆದ್ದರಿಂದ ಔಷಧಿ ಕಡಿಮೆ ಮಾಡುವ ಯೋಚನೆಯನ್ನೇ ಬಿಡಿ. ಗಾಯ ಮಾಯಲು ಸುಮಾರು ಎರಡು ವಾರ ಬೇಕೇ ಬೇಕು, ಅದನ್ನು ಅವಸರಪಡಿಸುವ ಕಷಾಯ ಯಾವುದೂ ಇಲ್ಲ. ನೋವು ಮೂರರಿಂದ ಐದನೆಯ ದಿನಗಳಲ್ಲಿ ಹೆಚ್ಚುವುದು ಸಾಮಾನ್ಯ, ಕಿವಿಯೂ ನೋಯಬಹುದು. ಗಂಟಲಲ್ಲಿ ಕಾಣುವ ಬಿಳಿ ಪದರ ಕೀವಲ್ಲ, ಉಜ್ಜಿ ತೆಗೆಯಬೇಡಿ. ಲಿವರಿನ ಭಯ ಡೋಸ್ ಮೀರಿದಾಗ ಇರಬೇಕಾದದ್ದು. ತೂಕಕ್ಕೆ ತಕ್ಕಂತೆ ವೈದ್ಯರು ಬರೆದಷ್ಟನ್ನೇ, ರಾತ್ರಿಯೂ ಅಲಾರಂ ಇಟ್ಟು, ಕನಿಷ್ಠ ಮೊದಲ ವಾರ ಕೊಡಿ. ಐಬುಪ್ರೊಫೆನ್ ಸೇರಿಸಬಹುದೇ ಎಂದು ಅವರನ್ನೇ ಕೇಳಿ. ಆಸ್ಪಿರಿನ್ ಬೇಡ, ಕೋಡೀನ್ ಎಂಬ ನೋವಿನ ಔಷಧಿ ಅಂತೂ ಬೇಡವೇ ಬೇಡ, ಟಾನ್ಸಿಲ್ ತೆಗೆಸಿದ ಮಕ್ಕಳಿಗೆ ಅದನ್ನು ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿಯೇ ಎಚ್ಚರಿಸಿದೆ. ಡೋಸ್ ಕೊಟ್ಟು ಅರ್ಧ ಗಂಟೆಯ ನಂತರ ಎಳನೀರು, ತಣ್ಣಗಿನ ಗಂಜಿ, ಐಸ್‌ಕ್ರೀಮ್, ಅವಳಿಗೆ ಯಾವುದು ಇಷ್ಟವೋ ಅದನ್ನು ಚಮಚದಲ್ಲಿ ಆಗಾಗ ಕೊಡುತ್ತಿರಿ. ಮನೆಮದ್ದೇ ಬೇಕೆಂದರೆ ಜೇನುತುಪ್ಪ ಕೊಡಬಹುದು, ಆದರೆ ಔಷಧಿಯ ಜೊತೆಗೆ, ಔಷಧಿಯ ಬದಲಿಗಲ್ಲ.

ಐದರಿಂದ ಹತ್ತನೆಯ ದಿನದೊಳಗೆ ಆ ಪದರ ಕಳಚುವಾಗ ರಕ್ತ ಬರಬಹುದು. ಉಗುಳಿನಲ್ಲಿ ಹೊಸ ಕೆಂಪು ರಕ್ತ ಕಂಡರೆ ಫೋನಿನಲ್ಲಿ ಸಲಹೆ ಕೇಳುತ್ತ ಕೂರದೆ ನೇರವಾಗಿ ಆಸ್ಪತ್ರೆಗೆ ಹೊರಡಿ.