ವ್ಯಾಪ್ತಿ ಹೆಚ್ಚಾಯಿತೆಂದು ಮರಳಿದ ಬೀಜಧನದ ಅರ್ಜಿ

ಸೋಲಿಗ ಬುಡಕಟ್ಟಿನ ಮಹಿಳೆಯರ ರಕ್ತಹೀನತೆಯ ಕುರಿತ ನಿಮ್ಮ ಅರ್ಜಿ ‘ವ್ಯಾಪ್ತಿ ಹೆಚ್ಚಾಯಿತು’ ಎಂಬ ಷರಾದೊಂದಿಗೆ ಮರಳಿರುವುದಕ್ಕೆ, ಬೀಜಧನದಲ್ಲಿ, ಅಂದರೆ ಸಂಶೋಧನೆ ಆರಂಭಿಸಲು ಕೊಡುವ ಸಣ್ಣ ಅನುದಾನದಲ್ಲಿ, ಇಡೀ ಚಾಮರಾಜನಗರ ಜಿಲ್ಲೆಯನ್ನು ಸಮೀಕ್ಷಿಸಹೊರಟದ್ದೇ ಕಾರಣವಿರಬೇಕು. ಪೂರ್ಣ ಅರ್ಜಿಯನ್ನು ನೋಡದೆ ಇದಕ್ಕಿಂತ ಖಚಿತವಾಗಿ ಹೇಳಲಾರೆ. ಮೊದಲು, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವರದಿಯಲ್ಲಿ ಪರಿಶಿಷ್ಟ ಪಂಗಡಗಳೆಲ್ಲ ಒಂದೇ ಸಾಲಿನಲ್ಲಿ ಸೇರಿಹೋಗಿ ಸೋಲಿಗರು ಪ್ರತ್ಯೇಕವಾಗಿ ಕಾಣುವುದಿಲ್ಲವೆಂಬುದನ್ನು ತೋರಿಸಿ, ಕೇಳುವ ಹಣ ಆ ಕೊರತೆಯನ್ನು ತುಂಬಲೆಂದೇ ಎಂದು ಬರೆಯಿರಿ. ಬಳಿಕ ಎರಡು ಮೂರು ಪೋಡುಗಳನ್ನಷ್ಟೇ (ಸೋಲಿಗರ ಹಾಡಿಗಳನ್ನು) ಆರಿಸಿಕೊಂಡು, ಕೈಸೇರಿದ ಕಬ್ಬಿಣಾಂಶದ ಮಾತ್ರೆಯನ್ನು ಎಷ್ಟು ಮಂದಿ ನಿಜಕ್ಕೂ ನುಂಗುತ್ತಾರೆ ಎಂಬ ಒಂದೇ ಪ್ರಶ್ನೆಗೆ ನಿಲ್ಲಿ. ಆ ರಾಷ್ಟ್ರೀಯ ಸಮೀಕ್ಷೆ ಬೆರಳ ತುದಿಯ ರಕ್ತವನ್ನು ಪರೀಕ್ಷಿಸಿತ್ತು. ನೀವು ಕೆಲವರಲ್ಲಾದರೂ ರಕ್ತನಾಳದಿಂದ ಮಾದರಿ ತೆಗೆದು ಹೋಲಿಸುವುದಾದರೆ ಅರ್ಜಿಯ ತೂಕ ಹೆಚ್ಚುತ್ತದೆ. ಆಯವ್ಯಯದಲ್ಲಿ ಜೀಪಿನ ಬಾಡಿಗೆಯನ್ನೂ ಸ್ಥಳೀಯ ಸೋಲಿಗ ಸಹಾಯಕಿಯ ಸಂಬಳವನ್ನೂ ಬಿಡಬೇಡಿ (ನನ್ನ ಮೊದಲ ಅರ್ಜಿ ಬಿದ್ದದ್ದು ಅಲ್ಲಿಯೇ). ನೈತಿಕ ಸಮಿತಿಗೆ ಇಂದೇ ಅರ್ಜಿ ಹಾಕಿ, ಇದೇ ಸುತ್ತಿನಲ್ಲಿ ಮರುಸಲ್ಲಿಕೆಗೆ ಅವಕಾಶವಿದೆಯೇ ಎಂದು ಅನುದಾನ ವಿಭಾಗಕ್ಕೆ ಲಿಖಿತವಾಗಿ ಕೇಳಿ.